ಎಷ್ಟಿದ್ದರೆ ಸಾಕು? ಅಂಗಡಿ ಸಾಮಾನಿನ ಉಪಗ್ರಹಗಳ ಚರಿತ್ರೆ

ಜುಲೈ ಬಂತೆಂದರೆ ಚಿಕ್ಕೋಡಿ ಕಡೆಯ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ. ಕಲ್ಲೋಳ–ಯಡೂರು ಸೇತುವೆ ಜಲಾವೃತ. ಮಲಿಕವಾಡ–ದತ್ತವಾಡ ಸೇತುವೆ ಮುಳುಗಡೆ. ಕಾರದಗಾ–ಭೋಜ ಸಂಚಾರ ಬಂದ್. ಆ ದಿನ ಊರಲ್ಲಿ ಹನಿ ಮಳೆಯೂ ಬಿದ್ದಿರುವುದಿಲ್ಲ. ಮಳೆ ಸುರಿದದ್ದು ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ, ಕೊಲ್ಹಾಪುರದ ಆಚೆಯ ಘಟ್ಟದಲ್ಲಿ. ಆ ನೀರು ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳಲ್ಲಿ ಇಳಿದು ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲ್ಲೂಕುಗಳ ದಂಡೆಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಅದು ದಂಡೆಯಲ್ಲಿ ನಿಲ್ಲಲಿಲ್ಲ. ಕಬ್ಬಿನ ಗದ್ದೆ ದಾಟಿ ಮನೆಯೊಳಗೆ ಬಂತು.

ಆ ವರ್ಷದ ನೆರೆ ಇಳಿದ ಮೇಲೆ ಕಾಗವಾಡ ಕಡೆಯ ನನ್ನ ಕಾಕಾ ಒಂದು ಪ್ರಶ್ನೆ ಕೇಳಿದರು. ‘ಮ್ಯಾಲ ಅಷ್ಟೊಂದ್ ಉಪಗ್ರಹ ಬಿಟ್ಟಾರ. ಹೊಳಿ ಏರೂದು ಅವಕ್ಕ ಕಾಣೂದಿಲ್ಲೇನು? ಕಂಡ್ರ ನಮಗ್ಯಾಕ ಹೇಳೂದಿಲ್ಲ?’ ನಾನು ವಿಜ್ಞಾನ–ತಂತ್ರಜ್ಞಾನದ ಚರಿತ್ರೆ ಓದುತ್ತಿರುವವನು ಎಂಬ ಭರವಸೆಯಿಂದ ಕೇಳಿದ್ದರು. ಆಗ ನನ್ನ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ಕಾಕಾ ಕೇಳಿದ್ದು ಒಂದಲ್ಲ, ಎರಡು ಪ್ರಶ್ನೆ ಎಂಬುದೂ ಹೊಳೆದಿರಲಿಲ್ಲ. ಮೇಲಿನಿಂದ ಕಾಣುತ್ತದೆಯೇ ಎಂಬುದು ಮೊದಲನೆಯದು. ಕಂಡದ್ದು ಯಾರಿಗೆ ತಲುಪುತ್ತದೆ ಎಂಬುದು ಎರಡನೆಯದು. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ ಸಣ್ಣ ಉಪಗ್ರಹ ಕಟ್ಟಿದವರ ಚರಿತ್ರೆಯನ್ನು ಓದುತ್ತ ಹೋದಾಗ ಈ ಎರಡೂ ಬೇರೆಬೇರೆಯಾಗಿ ಕಂಡವು.

ಉಪಗ್ರಹ ಅಷ್ಟು ದುಬಾರಿ ಏಕೆ ಎಂಬಲ್ಲಿಂದ ಶುರುಮಾಡೋಣ. ಒಮ್ಮೆ ಮೇಲೆ ಹೋದದ್ದನ್ನು ಕೆಳಗಿಳಿಸಿ ರಿಪೇರಿ ಮಾಡಲು ಆಗುವುದಿಲ್ಲ. ಅಲ್ಲಿ ಗಾಳಿ ಇಲ್ಲ, ಆದ್ದರಿಂದ ಬಿಸಿಯಾದ ಚಿಪ್ಪನ್ನು ತಣಿಸುವ ಫ್ಯಾನಿಗೆ ಕೆಲಸವಿಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಉಪಗ್ರಹ ಪ್ರತಿ ಸುತ್ತಿನಲ್ಲೂ ಸುಡುಬಿಸಿಲಿನಿಂದ ಕೊರೆಯುವ ನೆರಳಿಗೆ ಹೋಗಿ ಬರುತ್ತದೆ. ಲೋಹ ಹಿಗ್ಗಿ ಕುಗ್ಗಿ ಬೆಸುಗೆ ಬಿರುಕು ಬಿಡುತ್ತದೆ. ಹೊರಗಿನಿಂದ ಬರುವ ವಿಕಿರಣದ ಒಂದು ಕಣ ಚಿಪ್ಪಿಗೆ ಬಡಿದರೆ ನೆನಪಿನಲ್ಲಿದ್ದ ಸೊನ್ನೆ ಒಂದಾಗಿಬಿಡಬಹುದು. ಇಷ್ಟಕ್ಕೂ ತಾಳುವಂತೆ ವಿಶೇಷವಾಗಿ ಮಾಡಿ, ವರ್ಷಗಟ್ಟಲೆ ಪರೀಕ್ಷಿಸಿದ ಬಿಡಿಭಾಗಗಳ ಬೆಲೆ ಅಂಗಡಿಯ ಬಿಡಿಭಾಗದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಬೆಲೆ ಹೆಚ್ಚಾದಂತೆ ಸೋಲುವ ಭಯ ಹೆಚ್ಚು. ಭಯ ಹೆಚ್ಚಾದಂತೆ ಪರೀಕ್ಷೆ ಹೆಚ್ಚು, ಮತ್ತೆ ಬೆಲೆ ಹೆಚ್ಚು. ಈ ಸುಳಿಯಿಂದ ಹೊರಬಂದವರು ಹಣವಿದ್ದವರಲ್ಲ.

ಮೊದಲ ಸ್ಪುಟ್ನಿಕ್ ಹಾರಿ ನಾಲ್ಕು ವರ್ಷವಾಗಿತ್ತಷ್ಟೇ. 1961ರ ಡಿಸೆಂಬರ್ 12ರಂದು ಕ್ಯಾಲಿಫೋರ್ನಿಯಾದಿಂದ ಅಮೆರಿಕದ ವಾಯುಪಡೆಯ ರಾಕೆಟ್ಟೊಂದು ಹೊರಟಾಗ ಅದರಲ್ಲಿ ಸಮತೋಲಕ್ಕೆಂದು ಇಡುವ ಭಾರದ ಜಾಗದಲ್ಲಿ ಸುಮಾರು ನಾಲ್ಕೂವರೆ ಕಿಲೋದ ಪೆಟ್ಟಿಗೆಯೊಂದು ಇತ್ತು. ಹೆಸರು ಆಸ್ಕರ್–1. ಕಟ್ಟಿದವರು ಹವ್ಯಾಸಿ ರೇಡಿಯೊದವರು. ಹಗಲು ಬೇರೆ ಕೆಲಸ ಮಾಡಿ ರಾತ್ರಿ ಮನೆಯ ಗ್ಯಾರೇಜಿನಲ್ಲಿ ಬೆಸುಗೆ ಹಾಕುತ್ತಿದ್ದ ಮಂದಿ. ಪೆಟ್ಟಿಗೆಯನ್ನು ರಾಕೆಟ್ಟಿನಿಂದ ಆಚೆ ತಳ್ಳಲು ಒಂದು ಸ್ಪ್ರಿಂಗ್ ಬೇಕಿತ್ತು. ಅದನ್ನು ಸಿಯರ್ಸ್ ಅಂಗಡಿಯಿಂದ ಒಂದು ಡಾಲರಿಗೆ ತುಸು ಹೆಚ್ಚು ಕೊಟ್ಟು ತಂದರು.

ಆಸ್ಕರ್ ಮಾಡುತ್ತಿದ್ದ ಕೆಲಸ ಒಂದೇ. ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎನ್ನುತ್ತಿತ್ತು. ಒಳಗಿನ ಬಿಸಿ ಏರಿಳಿದಂತೆ ಹಾಯ್ ಎನ್ನುವ ವೇಗ ಬದಲಾಗುತ್ತಿತ್ತು. ಕೆಳಗೆ ಕೂತವರು ಗಡಿಯಾರ ಹಿಡಿದು ಎಣಿಸಿದರೆ ಉಪಗ್ರಹದ ಉಷ್ಣತೆ ಗೊತ್ತಾಗುತ್ತಿತ್ತು. ಬ್ಯಾಟರಿ ಬಾಳಿದ್ದು ಸುಮಾರು ಮೂರು ವಾರ ಮಾತ್ರ. ಅಷ್ಟರಲ್ಲಿ 28 ದೇಶಗಳ ಐನೂರಕ್ಕೂ ಹೆಚ್ಚು ಹವ್ಯಾಸಿಗಳು ಕೇಳಿದ್ದನ್ನು ಬರೆದು ಕಳಿಸಿದ್ದರು. ಉಷ್ಣತಾಮಾಪಕಕ್ಕೆ ಬೇರೆ ಯಂತ್ರವಿಲ್ಲ, ಸಂದೇಶವೇ ಮಾಪಕ. ಹಣ ಇಲ್ಲದವರು ‘ಎಷ್ಟಿದ್ದರೆ ಸಾಕು?’ ಎಂದು ಕೇಳಿಕೊಂಡಾಗ ಹುಟ್ಟಿದ ಉಪಾಯವಿದು. ಮುಂದಿನ ಅರವತ್ತು ವರ್ಷಗಳ ಸಣ್ಣ ಉಪಗ್ರಹಗಳ ಹಿಂದೆ ಇರುವುದು ಇದೇ ಪ್ರಶ್ನೆ.

ನಮ್ಮಲ್ಲಿ ಮೊದಲ ಉಪಗ್ರಹವೇ ಕೊರತೆಯ ನಡುವೆ ಹುಟ್ಟಿತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ತಂಡ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಬೆಂಗಳೂರಿನಲ್ಲಿ ದತ್ತಾಂಶ ಪಡೆಯುವ ಕೇಂದ್ರಕ್ಕೆ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡ ಕಥೆಯನ್ನು ರಾವ್ ಹೇಳುತ್ತಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೂ ಉಪಗ್ರಹ ಕಟ್ಟಲು ಬರುತ್ತದೆ ಎಂಬುದು ಗೊತ್ತಾಯಿತು. ಹಾಗೆಂದು ಆರ್ಯಭಟ ಸಣ್ಣದಾಗಿರಲಿಲ್ಲ. 360 ಕಿಲೋ ತೂಗುತ್ತಿತ್ತು, ಅದರ ಹಿಂದೆ ಎರಡು ಸರ್ಕಾರಗಳಿದ್ದವು. ಕಾಲೇಜಿನ ಹುಡುಗರ ಕೈಗೆ ಈ ಕೆಲಸ ಬರಲು ಇನ್ನೂ 35 ವರ್ಷ ಬೇಕಾಯಿತು.

ಆ ನಡುವಿನ ದಾರಿಯನ್ನು ತೆರೆದದ್ದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ. ಮಾರ್ಟಿನ್ ಸ್ವೀಟಿಂಗ್ ಎಂಬ ತರುಣ ಸಂಶೋಧಕ ಮತ್ತು ಗೆಳೆಯರು ಮಾರುಕಟ್ಟೆಯಲ್ಲಿ ಸಿಗುವ ಮೈಕ್ರೊಪ್ರೊಸೆಸರ್ ಹಾಕಿ ಯೂಸ್ಯಾಟ್–1 ಕಟ್ಟಿದರು. 1981ರ ಅಕ್ಟೋಬರ್ 6ರಂದು ನಾಸಾದ ರಾಕೆಟ್ಟಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಮರುವರ್ಷ ಒಂದು ಎಡವಟ್ಟಾಯಿತು. ಉಪಗ್ರಹದ ಎರಡೂ ಪ್ರಸಾರಕಗಳು ಒಟ್ಟಿಗೆ ಚಾಲೂ ಆಗಿಬಿಟ್ಟವು. ತನ್ನದೇ ಗದ್ದಲದಲ್ಲಿ ಅದಕ್ಕೆ ಕೆಳಗಿನ ಆದೇಶ ಕೇಳದಾಯಿತು. ಕೊನೆಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ 150 ಅಡಿ ಅಗಲದ ಭಾರಿ ಡಿಶ್ಶಿನಿಂದ ಕೂಗಿ ಹೇಳಬೇಕಾಯಿತು. ಉಪಗ್ರಹ ಕೇಳಿಸಿಕೊಂಡಿತು, 1989ರವರೆಗೆ ಬದುಕಿತು.

ಸರ್ರೆಯವರು ಮುಂದಿನ ಯೂಸ್ಯಾಟ್–2ನ್ನು ಸುಮಾರು ಆರೇ ತಿಂಗಳಲ್ಲಿ ಕಟ್ಟಿ 1984ರ ಮಾರ್ಚ್ 1ರಂದು ಹಾರಿಸಿದರು. ಅದರಲ್ಲಿ ಒಂದು ಸಣ್ಣ ಪ್ರಯೋಗವಿತ್ತು. ಉಪಗ್ರಹ ಒಂದೂರಿನ ಮೇಲೆ ಹಾಯುವಾಗ ಅಲ್ಲಿಂದ ಸಂದೇಶ ಪಡೆದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಇನ್ನೊಂದೂರಿನ ಮೇಲೆ ಬಂದಾಗ ಅದನ್ನು ಕೆಳಗೆ ಹಾಕುತ್ತದೆ. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟ ಚೀಟಿ ಮುಂದಿನ ಊರಿಗೆ ತಲುಪುತ್ತದಲ್ಲ, ಹಾಗೆ. ಈ ಚೀಟಿಯ ವಿಚಾರಕ್ಕೆ ಮತ್ತೆ ಬರುತ್ತೇನೆ.

1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್–ಸುವಾರಿ, ಒಂದು ಅಳತೆ ನಿಗದಿ ಮಾಡಿದರು. ಹತ್ತು ಸೆಂಟಿಮೀಟರಿನ ಘನ, ತೂಕ ಒಂದು ಕಿಲೋ ಆಸುಪಾಸು. ಪುಟ್ಟ ಆಟದ ಗೊಂಬೆ ಮಾರುವ ಪ್ಲಾಸ್ಟಿಕ್ ಡಬ್ಬಿ ನೋಡಿ ಟ್ವಿಗ್ಸ್‌ಗೆ ಈ ಅಳತೆ ಹೊಳೆಯಿತಂತೆ. ವಿದ್ಯಾರ್ಥಿಯೊಬ್ಬ ಓದು ಮುಗಿಸುವುದರೊಳಗೆ ಕಟ್ಟಿ ಹಾರಿಸುವಷ್ಟು ಸಣ್ಣದಿರಬೇಕು ಎಂಬುದು ಉದ್ದೇಶ. ಇದಕ್ಕೆ ಕ್ಯೂಬ್‌ಸ್ಯಾಟ್ ಎಂದು ಹೆಸರಾಯಿತು. ಅಳತೆ ಒಂದೇ ಆದದ್ದರಿಂದ ರಾಕೆಟ್ಟಿಗೆ ಕೂಡಿಸುವ ಪೆಟ್ಟಿಗೆಯೂ ಒಂದೇ ಆಯಿತು. ಯಾವ ದೇಶದ ವಿದ್ಯಾರ್ಥಿ ಕಟ್ಟಿದ ಘನವಾದರೂ ಯಾವ ದೇಶದ ರಾಕೆಟ್ಟಿನಲ್ಲೂ ಹಿಡಿಯುತ್ತದೆ. 2003ರ ಜೂನ್ 30ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಮೊದಲ ಕ್ಯೂಬ್‌ಸ್ಯಾಟ್‌ಗಳು ಹೋದವು. ಅದರಲ್ಲಿ ಟೋಕಿಯೊದ ವಿದ್ಯಾರ್ಥಿಗಳ ಪುಟ್ಟ ಘನವೊಂದು ಹತ್ತು ವರ್ಷ ದಾಟಿ ಚಿತ್ರ ಕಳಿಸುತ್ತಿತ್ತು.

ಇಂಥ ಘನದೊಳಗೆ ಏನಿರುತ್ತದೆ ಎಂದು ನೋಡಿದರೆ ಪೇಟೆಯ ಗುರುತು ಸಿಗುತ್ತದೆ. ಎಷ್ಟೋ ಕ್ಯೂಬ್‌ಸ್ಯಾಟ್‌ಗಳ ಆಂಟೆನಾ ಬಡಗಿ ಬಳಸುವ ಉಕ್ಕಿನ ಅಳತೆ ಟೇಪು. ಮಡಚಿದರೆ ಮಡಚಿಕೊಳ್ಳುತ್ತದೆ, ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಅದನ್ನು ಮಡಚಿ ಕಟ್ಟಿಡಲು ಮೀನು ಹಿಡಿಯುವ ಗಾಳದ ನೈಲಾನ್ ದಾರ. ಕಕ್ಷೆ ಸೇರಿದ ಮೇಲೆ ಸಣ್ಣ ತಂತಿ ಕಾದು ದಾರ ಸುಡುತ್ತದೆ, ಆಂಟೆನಾ ಬಿಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿರುವಂಥ ಲಿಥಿಯಂ ಬ್ಯಾಟರಿ. ಇನ್ನು ವಿಕಿರಣದಿಂದ ಚಿಪ್ಪು ತಲೆಕೆಟ್ಟು ನಿಂತರೆ? ಅದಕ್ಕೊಂದು ಕಾವಲುಗಾರ ಗಡಿಯಾರವಿದೆ. ಕಂಪ್ಯೂಟರು ಇಂತಿಷ್ಟು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಅದಕ್ಕೆ ಹೇಳುತ್ತಿರಬೇಕು. ಹೇಳದಿದ್ದರೆ ಗಡಿಯಾರ ಅದನ್ನು ಆರಿಸಿ ಮತ್ತೆ ಚಾಲೂ ಮಾಡುತ್ತದೆ. ಕೆಡದ ಚಿಪ್ಪು ಕೊಳ್ಳಲು ಹಣವಿಲ್ಲದವರು ಕೆಟ್ಟರೆ ಎದ್ದು ಕೂರುವ ಚಿಪ್ಪು ಮಾಡಿಕೊಂಡರು.

ಕರ್ನಾಟಕದ ಸರದಿ ಬಂದದ್ದು ಇಲ್ಲಿ. 2005ರ ಮೇ 5ರಂದು ಇಸ್ರೊ 42.5 ಕಿಲೋದ ಹ್ಯಾಮ್‌ಸ್ಯಾಟ್ ಹಾರಿಸಿ ಹವ್ಯಾಸಿ ರೇಡಿಯೊದವರಿಗೆ ಕೊಟ್ಟಿತ್ತು. 2007ರಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಗನಯಾನ ಸಮ್ಮೇಳನ ನಡೆಯಿತು. ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೇರೆ ದೇಶದ ವಿದ್ಯಾರ್ಥಿಗಳು ಕಟ್ಟಿದ ಉಪಗ್ರಹಗಳ ಸುದ್ದಿ ಕಿವಿಗೆ ಬಿತ್ತು. ನಾವೂ ಏಕೆ ಕಟ್ಟಬಾರದು ಎಂದು ಹೊರಟ ಅವರ ಜೊತೆ ಏಳು ಕಾಲೇಜುಗಳು ಸೇರಿದವು. ಬೆಂಗಳೂರಿನ ನಿಟ್ಟೆ ಮೀನಾಕ್ಷಿ, ಎಂ.ಎಸ್. ರಾಮಯ್ಯ, ಆರ್.ವಿ., ಬಿ.ಎಂ.ಎಸ್. ತಾಂತ್ರಿಕ ಸಂಸ್ಥೆ ಎಂಬ ನಾಲ್ಕು, ಹೈದರಾಬಾದಿನ ಮೂರು. ಬೆಂಗಳೂರಿನ ನಾಲ್ಕೂ ಅಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಆ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ನಮ್ಮ ಜಿಲ್ಲೆಯ ಬೆಳಗಾವಿಯಲ್ಲಿ.

ಉಪಗ್ರಹಕ್ಕೆ ಸ್ಟಡ್‌ಸ್ಯಾಟ್ ಎಂದು ಹೆಸರಿಟ್ಟರು. ಉದ್ದ–ಅಗಲ ಹತ್ತು ಸೆಂಟಿಮೀಟರು, ಎತ್ತರ ಹದಿಮೂರೂವರೆ, ತೂಕ ಒಂದು ಕಿಲೋಗಿಂತ ಕಡಿಮೆ. ಯಲಹಂಕದ ನಿಟ್ಟೆ ಕಾಲೇಜಿನಲ್ಲೇ ನೆಲದ ಕೇಂದ್ರವನ್ನೂ ಕಟ್ಟಿದರು. 2010ರ ಜುಲೈ 12ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ–ಸಿ15 ಹೊರಟಾಗ ಕಾರ್ಟೊಸ್ಯಾಟ್–2ಬಿ ಎಂಬ ದೊಡ್ಡ ಉಪಗ್ರಹದ ಜೊತೆ ಅಲ್ಜೀರಿಯಾ, ಕೆನಡಾ, ಸ್ವಿಟ್ಜರ್ಲೆಂಡಿನ ಉಪಗ್ರಹಗಳಿದ್ದವು. ಅವುಗಳ ನಡುವೆ ಈ ಪೆಟ್ಟಿಗೆಯೂ ಇತ್ತು. ಅಂದೇ ಅದರ ಸಂಕೇತ ಯಲಹಂಕದಲ್ಲಿ ಕೇಳಿಸಿತು. ಭಾರತದ ವಿದ್ಯಾರ್ಥಿಗಳು ಕಟ್ಟಿದ ಮೊದಲ ಪಿಕೊ ಉಪಗ್ರಹ ಅದು. 2016ರ ಸೆಪ್ಟೆಂಬರ್ 26ರಂದು ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಐದು ಕಿಲೋ ಚಿಲ್ಲರೆ ತೂಕದ ಪೈಸ್ಯಾಟ್ ಹಾರಿತು. ಅದೇ ರಾಕೆಟ್ಟಿನಲ್ಲಿ ಹೋದ ಮುಂಬೈ ಐಐಟಿಯ ‘ಪ್ರಥಮ್’ ಶುರುವಾದದ್ದು 2007ರಲ್ಲಿ. ಕಟ್ಟಲು ಆರಂಭಿಸಿದವರು ಹಾರಿದ್ದನ್ನು ನೋಡುವ ಹೊತ್ತಿಗೆ ಕಾಲೇಜು ಬಿಟ್ಟು ಎಷ್ಟೋ ವರ್ಷವಾಗಿತ್ತು. ಓದು ಮುಗಿಯುವುದರೊಳಗೆ ಹಾರಿಸಬೇಕೆಂಬ ಟ್ವಿಗ್ಸ್‌ ಆಸೆ ಎಲ್ಲ ಕಡೆ ಕೈಗೂಡಲಿಲ್ಲ.

ಸ್ಟಡ್‌ಸ್ಯಾಟ್‌ನ ಕ್ಯಾಮೆರಾ ನೆಲದ ಮೇಲೆ ಸುಮಾರು 90 ಮೀಟರಿನ ಚೌಕವನ್ನು ಒಂದು ಚುಕ್ಕೆಯಾಗಿ ಕಾಣುವಂಥದ್ದು. 90 ಮೀಟರಿನ ಚೌಕ ಎಂದರೆ ಲೆಕ್ಕಕ್ಕೆ ಸರಿಯಾಗಿ ಎರಡು ಎಕರೆ. ಹೊಳೆ ದಂಡೆಯ ಎಷ್ಟೋ ರೈತರ ಇಡೀ ಆಸ್ತಿ ಆ ಚಿತ್ರದಲ್ಲಿ ಒಂದು ಚುಕ್ಕೆ. ಆ ಚುಕ್ಕೆಯಲ್ಲಿ ಕಬ್ಬು ಇದೆಯೋ ನೀರಿದೆಯೋ ಎಂದು ಹೇಳುವುದು ಕಷ್ಟ. ಆದರೆ ಹಾಗೆ ಅಳೆದರೆ ಆಸ್ಕರ್‌ನ ‘ಹಾಯ್’ ಕೂಡ ಯಾರ ಹೊಟ್ಟೆಯನ್ನೂ ತುಂಬಲಿಲ್ಲ. ಕಟ್ಟಿದವರು ಏನು ಕಲಿತರು ಎಂಬುದರಲ್ಲಿ ಇವುಗಳ ಬೆಲೆ ಇದೆ.

ಆಮೇಲಿನ ಬದಲಾವಣೆ ಜೇಬಿನೊಳಗಿಂದ ಬಂತು. ಕೋಟಿಗಟ್ಟಲೆ ತಯಾರಾಗುವ ಮೊಬೈಲ್ ಫೋನಿನಲ್ಲಿ ಕ್ಯಾಮೆರಾ, ಕಂಪ್ಯೂಟರು, ದಿಕ್ಕು ತಿಳಿಯುವ ಸಂವೇದಕ ಎಲ್ಲ ಒಟ್ಟಿಗೆ ಇವೆ. ಹಾಗಾದರೆ ಫೋನನ್ನೇ ಕಳಿಸಿದರೆ? 2013ರ ಫೆಬ್ರುವರಿ 25ರಂದು ಸರ್ರೆಯವರು ನೆಕ್ಸಸ್ ಒನ್ ಫೋನಿಟ್ಟ ಸ್ಟ್ರಾಂಡ್–1ನ್ನು ಕಳಿಸಿದರು. ಹೊತ್ತೊಯ್ದದ್ದು ಶ್ರೀಹರಿಕೋಟದ ಪಿಎಸ್‌ಎಲ್‌ವಿ. ಎರಡು ತಿಂಗಳೊಳಗೆ ನಾಸಾದ ಏಮ್ಸ್ ಕೇಂದ್ರ ಮೂರು ಫೋನ್ ಉಪಗ್ರಹಗಳನ್ನು ಹಾರಿಸಿತು. ಅವಕ್ಕೆ ಅಲೆಕ್ಸಾಂಡರ್, ಗ್ರಹಾಂ, ಬೆಲ್ ಎಂದು ಹೆಸರು. ಒಂದರ ಬಿಡಿಭಾಗಕ್ಕೆ 3,500ರಿಂದ 7,000 ಡಾಲರ್. ಒಂದು ವಾರ ಬದುಕಿ, ಭೂಮಿಯ ಚಿತ್ರ ಕಳಿಸಿ, ಸುಟ್ಟುಹೋದವು. ಏಮ್ಸ್ ಕೇಂದ್ರದಿಂದ ಹೊರಬಂದವರು ಕಟ್ಟಿದ ಪ್ಲಾನೆಟ್ ಕಂಪನಿಯ ಐದು ಕಿಲೋಗಿಂತ ಹಗುರವಾದ 88 ಉಪಗ್ರಹಗಳು 2017ರ ಫೆಬ್ರುವರಿ 15ರಂದು ಇಸ್ರೊ ಒಂದೇ ಸಲಕ್ಕೆ ಹಾರಿಸಿದ 104ರಲ್ಲಿ ಸೇರಿದ್ದವು. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡ ಆ ದಾಖಲೆಯ ಬಹುಪಾಲು ಈ ಅಗ್ಗದ ಪೆಟ್ಟಿಗೆಗಳದ್ದೇ. ಅವುಗಳ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಮೂರ‍್ನಾಲ್ಕು ಮೀಟರು. ಎರಡು ಎಕರೆ ಈಗ ನೂರಾರು ಚುಕ್ಕೆ.

ಅಂದಮೇಲೆ ಕಾಕಾನ ಮೊದಲ ಪ್ರಶ್ನೆಗೆ ‘ಕಾಣುತ್ತದೆ’ ಎನ್ನಬಹುದೇ? ಜುಲೈ–ಆಗಸ್ಟ್‌ನಲ್ಲಿ ಅಲ್ಲ. ನೆರೆ ಬರುವುದು ಮೋಡದ ಕಾಲದಲ್ಲಿ. ಕ್ಯಾಮೆರಾ ಎಷ್ಟು ಚುರುಕಾಗಿದ್ದರೂ ಮೋಡದ ಬೆನ್ನೇ ಅದಕ್ಕೆ ಕಾಣುವುದು. ಮೋಡ ತೂರಿ ನೋಡಲು ರೇಡಾರ್ ಬೇಕು. ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ಮರಳಿದ್ದನ್ನು ಹಿಡಿಯುವ ಯಂತ್ರ ಅದು. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆ ಜಾರಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಆದರೆ ರೇಡಾರಿಗೆ ಬಹಳ ವಿದ್ಯುತ್ ಬೇಕು, ಉದ್ದದ ಆಂಟೆನಾ ಬೇಕು. 2012ರಲ್ಲಿ ಇಸ್ರೊ ಹಾರಿಸಿದ ರೇಡಾರ್ ಉಪಗ್ರಹ ರಿಸ್ಯಾಟ್–1ರ ತೂಕ 1,858 ಕಿಲೋ. ಇದು ಅಂಗಡಿ ಸಾಮಾನಿನವರ ಕೈಗೆ ಸಿಗುವ ಕೆಲಸವಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಆಲ್ಟೊ–1 ಎಂಬ ಕ್ಯೂಬ್‌ಸ್ಯಾಟ್ ಕಟ್ಟುತ್ತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ಹಾಗೆ ತಿಳಿಯಲಿಲ್ಲ. ರೇಡಾರ್ ಎಷ್ಟು ಸಣ್ಣದಾದರೆ ಸಾಕು ಎಂದು ಕೇಳಿಕೊಂಡು ಐಸ್‌ಐ ಎಂಬ ಕಂಪನಿ ತೆರೆದರು. ಅವರ ಮೊದಲ ರೇಡಾರ್ ಉಪಗ್ರಹ ನೂರು ಕಿಲೋ ಕೂಡ ಇರಲಿಲ್ಲ. 2018ರ ಜನವರಿ 12ರಂದು ಅದನ್ನು ಮೇಲಕ್ಕೊಯ್ದದ್ದೂ ಶ್ರೀಹರಿಕೋಟದ ಪಿಎಸ್‌ಎಲ್‌ವಿ. ಅದಾಗಿ ಒಂದೂವರೆ ವರ್ಷಕ್ಕೆ ನಮ್ಮಲ್ಲಿ ನೆರೆ ಬಂತು. ಮೋಡದ ಕೆಳಗಿನ ನೀರನ್ನು ನೋಡಬಲ್ಲ ಸಣ್ಣ ಉಪಗ್ರಹ ಕಾಕಾ ಪ್ರಶ್ನೆ ಕೇಳುವ ಮೊದಲೇ ನಮ್ಮ ದೇಶದಿಂದಲೇ ಹೋಗಿತ್ತು. ಇಂದು ಆ ಕಂಪನಿಯ ನೆರೆ ಮಾಹಿತಿಯನ್ನು ಕೊಳ್ಳುವವರಲ್ಲಿ ವಿಮಾ ಕಂಪನಿಗಳು ಮುಂದಿವೆ. ಎರಡನೆಯ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿ. ಉಪಗ್ರಹ ಅಗ್ಗವಾದರೂ ಅದು ಕಂಡದ್ದು ಕೊಂಡವರಿಗೆ ತಲುಪುತ್ತದೆ. ಸರ್ಕಾರದ ಉಪಗ್ರಹ ಕಂಡದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದಲ್ಲಿ ನೆರೆಯ ನಕ್ಷೆಯಾಗಿ ಕಚೇರಿಗಳಿಗೆ ಹೋಗುತ್ತದೆ. ಎಷ್ಟು ಮುಳುಗಿದೆ ಎಂದು ತಿಳಿಯಲು, ಪರಿಹಾರ ಲೆಕ್ಕ ಹಾಕಲು ಅದು ಬೇಕೇಬೇಕು. ಅಲ್ಲೂ ಒಂದು ತೊಡಕಿದೆ: ಆಳೆತ್ತರ ಬೆಳೆದ ಕಬ್ಬಿನ ಬುಡದಲ್ಲಿ ನಿಂತ ನೀರು ರೇಡಾರಿಗೂ ಸುಲಭವಾಗಿ ಸಿಗುವುದಿಲ್ಲ. ನಮ್ಮ ದಂಡೆಯಲ್ಲಿ ಇರುವುದು ಬಹುಪಾಲು ಕಬ್ಬೇ.

ಹಾಗಾದರೆ ಕಾಕಾಗೆ ಎಷ್ಟಿದ್ದರೆ ಸಾಕು? ಚಿತ್ರ ಬೇಡ. ದನ ಬಿಚ್ಚಲು, ಮೋಟಾರು ಪಂಪು ಎತ್ತಲು, ಮುದುಕರನ್ನು ಮೇಲಿನ ಊರಿಗೆ ಸಾಗಿಸಲು ಸಾಕಷ್ಟು ಮೊದಲು ಒಂದೇ ಒಂದು ಸಂಖ್ಯೆ ಬೇಕು. ಹೊಳೆ ಮೇಲುಗಡೆ ಎಷ್ಟು ಏರಿದೆ ಎಂಬ ಸಂಖ್ಯೆ. ಯೂಸ್ಯಾಟ್–2ರ ಚೀಟಿ ನೆನಪಾಗುವುದು ಈಗ. ಸೇತುವೆಗಳಿಗೊಂದು ನೀರಿನ ಮಟ್ಟ ಅಳೆಯುವ ಸಾಧನ, ಅದಕ್ಕೊಂದು ಸಣ್ಣ ರೇಡಿಯೊ, ಮೇಲೆ ಹಾಯುವಾಗ ಆ ಅಂಕಿಯನ್ನು ಹೊತ್ತೊಯ್ಯುವ ಒಂದೆರಡು ಕಿಲೋದ ಪೆಟ್ಟಿಗೆ. ಇದಕ್ಕೆ ಮೋಡ ಅಡ್ಡಿಯಲ್ಲ, ಕಬ್ಬು ಅಡ್ಡಿಯಲ್ಲ. ಮೊಬೈಲ್ ಇರುವಾಗ ಉಪಗ್ರಹ ಏಕೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಒಣ ದಿನಗಳಲ್ಲಿ ಮೊಬೈಲೇ ಸಾಕು. ನೆರೆ ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಹಿಂದೆ ಟವರು. ಆ ಕೆಲವು ದಿನಗಳಿಗೆ ಚೀಟಿ ಒಯ್ಯುವವರು ಬೇಕು.

ಇದರಿಂದ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ಒಂದು ಪೆಟ್ಟಿಗೆ ಒಂದೂರಿನ ಮೇಲೆ ದಿನಕ್ಕೆ ನಾಲ್ಕಾರು ಸಲ, ಸಲಕ್ಕೆ ಹತ್ತು ನಿಮಿಷದಷ್ಟು ಮಾತ್ರ ಸಿಗುತ್ತದೆ. ಸಣ್ಣ ಉಪಗ್ರಹಗಳ ಚರಿತ್ರೆ ಸೋಲುಗಳ ಚರಿತ್ರೆಯೂ ಹೌದು. 2022ರ ಆಗಸ್ಟ್ 7ರಂದು ದೇಶದ ಸರ್ಕಾರಿ ಶಾಲೆಗಳ 750 ಹುಡುಗಿಯರ ಕೈಕೆಲಸ ಸೇರಿದ್ದ ಆಜಾದಿಸ್ಯಾಟ್ ಹೊರಟಿತು. ಇಸ್ರೊದ ಹೊಸ ಸಣ್ಣ ರಾಕೆಟ್ಟು ಸರಿಯಾದ ಕಕ್ಷೆಗೆ ಬಿಡಲಾಗದೆ ಅದು ಕಳೆದುಹೋಯಿತು. ಆರು ತಿಂಗಳಲ್ಲಿ, 2023ರ ಫೆಬ್ರುವರಿ 10ರಂದು, ಎರಡನೆಯದನ್ನು ಹಾರಿಸಿದರು. ಅಗ್ಗವಾಗಿರುವುದರ ನಿಜವಾದ ಲಾಭ ಇದೇ. ಕಳೆದುಕೊಂಡರೆ ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಕಟ್ಟಬಹುದು.

ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ನಿಪ್ಪಾಣಿಯಲ್ಲೂ ಇದೆ. ಅಲ್ಲಿ ಓದುವವರಲ್ಲಿ ಎಷ್ಟೋ ಮಂದಿಯ ಮನೆಗೆ ಹೊಳೆ ಬಂದು ಹೋಗಿದೆ. ಟೇಪು, ನೈಲಾನ್ ದಾರ, ಬ್ಯಾಟರಿ ಎಲ್ಲ ಪೇಟೆಯಲ್ಲಿ ಸಿಗುತ್ತವೆ. ಯಾವ ಸಂಖ್ಯೆ ಸಾಕು, ಅದು ಯಾರ ಕೈಗೆ, ಯಾವ ಹೊತ್ತಿಗೆ ತಲುಪಬೇಕು ಎಂಬುದು ಅವರಿಗೆ ಬೆಂಗಳೂರಿನವರಿಗಿಂತ, ಫಿನ್ಲೆಂಡಿನವರಿಗಿಂತ ಚೆನ್ನಾಗಿ ಗೊತ್ತು. ಕಳೆದ ಸಲ ಊರಿಗೆ ಹೋದಾಗ ಇಷ್ಟನ್ನೂ ಕಾಕಾಗೆ ಹೇಳಿದೆ. ಪೂರಾ ಕೇಳಿದರು. ‘ಹಂಗಂದ್ರ ಕಾಣೂದು ಕಾಣ್ತದ, ಹೇಳವ್ರು ಬೇಕಾಗ್ಯಾರ’ ಎಂದು ಎದ್ದು ದನಕ್ಕೆ ನೀರು ಕುಡಿಸಲು ಹೋದರು.